ಕೇಳುವವನೂ ಕಥೆಯೊಳಗೆ: ‘ಕಾದಂಬರಿ’ಯ ಕಾಲಕ್ರಮವನ್ನು ಹಿಡಿಯುವ ಬಗೆ

(ಗ್ರೇಟರ್ ನೋಯ್ಡಾದ ಕನ್ನಡಿಗರ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚುರೂಪ)



ನಿಮ್ಮಲ್ಲಿ ಹಲವರು ನೋಯ್ಡಾ ಕಡೆಯಿಂದ ಆಕ್ವಾ ಲೈನ್ ಮೆಟ್ರೋ ಹಿಡಿದು ಬಂದವರು. 2019ರಿಂದ ಓಡುತ್ತಿರುವ ಆ ಗಾಡಿ ಸೆಕ್ಟರ್ 51ರಲ್ಲಿ ಹೊರಟು 50ಕ್ಕೆ ಬರುತ್ತದೆ; ಅಲ್ಲಿಂದ 76, ಆಮೇಲೆ 101, ಅದಾದ ಮೇಲೆ 81. ಪರಿ ಚೌಕ್ ದಾಟಿದರೆ ಆಲ್ಫಾ ಸಿಗುತ್ತದೆ. ಅದರ ಮುಂದಿನ ನಿಲ್ದಾಣ ಬೀಟಾ ಇರಬೇಕಿತ್ತು, ಸಿಗುವುದು ಡೆಲ್ಟಾ. ಆದರೂ ಯಾರೂ ದಾರಿ ತಪ್ಪುವುದಿಲ್ಲ. ಸೆಕ್ಟರುಗಳಿಗೆ ನಂಬರು ಕೊಟ್ಟವರ ಕ್ರಮ ಒಂದು, ಹಳಿ ಹಾಕಿದವರ ಕ್ರಮ ಇನ್ನೊಂದು. ಕೂತು ಹೋಗುವವನಿಗೆ ಹಳಿಯ ಕ್ರಮ ಸಾಕು. ಕಥೆ ಓದುವಾಗ ಮಾತ್ರ ನಮಗೆ ಈ ಸಮಾಧಾನ ಇರುವುದಿಲ್ಲ. ಮೊದಲು ನಡೆದದ್ದು ಯಾವುದು, ಆಮೇಲಿನದು ಯಾವುದು, ಸರಿಯಾಗಿ ಹೇಳಿ ಎಂದು ಹಟ ಹಿಡಿಯುತ್ತೇವೆ.

ಈ ಸಲದ ಉಪನ್ಯಾಸ ಫ್ಯಾಂಟಸಿ ಕಾದಂಬರಿಗಳ ಬಗ್ಗೆ ಇರಲಿ ಎಂದು ಕೇಳಿದವರು ಇಲ್ಲಿನ ಕಿರಿಯರು. ಹಿಂದುಮುಂದಾಗಿ ಹೇಳಿದ ಕಥೆಗಳನ್ನು ಓದುವುದು ಹೇಗೆ, ಅದರ ಬಗ್ಗೆ ಮಾತಾಡಿ ಎಂದರು. 2019ರ ಕೊನೆಗೆ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ದಿ ವಿಚರ್’ ಸರಣಿಯ ಮೊದಲ ಸೀಸನ್ನನ್ನು ನೋಡಿ ತಲೆ ಕೆಡಿಸಿಕೊಂಡವರು ಅವರಲ್ಲಿದ್ದಾರೆ. ಮೂವರ ಕಥೆ ಮೂರು ಬೇರೆ ಕಾಲದಲ್ಲಿ ನಡೆಯುತ್ತಿರುತ್ತದೆ. ಪರದೆಯ ಮೇಲೆ ಒಂದು ಸೂಚನೆಯೂ ಇಲ್ಲ. ಸತ್ತಳೆಂದುಕೊಂಡ ರಾಣಿ ಮುಂದೊಂದು ಕಂತಿನಲ್ಲಿ ಆರಾಮಾಗಿ ಊಟ ಮಾಡುತ್ತಿರುತ್ತಾಳೆ. ಇದಕ್ಕಿಂತ ಗಟ್ಟಿಯಾದ ಉದಾಹರಣೆ ಅಮೆರಿಕದ ಲೇಖಕಿ ಎನ್. ಕೆ. ಜೆಮಿಸಿನ್ ಅವರ ‘ದಿ ಫಿಫ್ತ್ ಸೀಸನ್’. 2015ರಲ್ಲಿ ಬಂತು. ಅದರ ಎರಡು ಮುಂದುವರಿಕೆಗಳೂ ಸೇರಿ 2016, 2017, 2018ರಲ್ಲಿ ಸತತವಾಗಿ ಹ್ಯೂಗೋ ಪ್ರಶಸ್ತಿ ಪಡೆದವು. ಆ ಪುಸ್ತಕದಲ್ಲಿ ಡಮಾಯಾ ಎಂಬ ಹುಡುಗಿ, ಸಯನೈಟ್ ಎಂಬ ತರುಣಿ, ಎಸುನ್ ಎಂಬ ನಡುವಯಸ್ಸಿನ ತಾಯಿ ಇದ್ದಾರೆ. ಮೂವರ ಅಧ್ಯಾಯಗಳು ಒಂದಾದ ಮೇಲೊಂದು ಬರುತ್ತವೆ. ಬಹಳ ದೂರ ಓದಿದ ಮೇಲೆ ಗೊತ್ತಾಗುತ್ತದೆ, ಇವರು ಮೂವರಲ್ಲ, ಒಬ್ಬಳೇ. ಇನ್ನೂ ಓದದವರು ನನ್ನನ್ನು ಕ್ಷಮಿಸಬೇಕು. ಗುಟ್ಟು ಬಿಟ್ಟುಕೊಡದೆ ಈ ವಿಷಯದ ಮೇಲೆ ಉಪನ್ಯಾಸ ಕೊಡುವುದು ಆಗದ ಮಾತು.

ಜೆಮಿಸಿನ್ ಅಡಗಿಸಿದ್ದು ವರ್ಷಗಳನ್ನು. ಅದರ ಮೂಲಕ ಅಡಗಿದ್ದು ಒಬ್ಬ ವ್ಯಕ್ತಿಯ ಗುರುತು. ಇದನ್ನು ಅಮೆರಿಕದ ಹೊಸ ಕೌಶಲವೆಂದು ಹೊಗಳುವವರಿಗೆ ನಾನು ಹೇಳಬೇಕಾದ್ದು ಇಷ್ಟು: ಇದೇ ಕೆಲಸವನ್ನು ಇದೇ ಸೀಮೆಯಲ್ಲಿ ಬದುಕಿದ್ದ ಒಬ್ಬ ಗದ್ಯಕವಿ ಏಳನೆಯ ಶತಮಾನದಲ್ಲಿ ಮಾಡಿ ಮುಗಿಸಿದ್ದ. ಮುಗಿಸಿದ್ದ ಎಂದೆ, ಅದು ಪೂರ್ತಿ ಸರಿಯಲ್ಲ. ಅರ್ಧಕ್ಕೆ ಬಿಟ್ಟು ಸತ್ತ, ಮಗ ಮುಗಿಸಿದ. ಆ ಕೃತಿ ಹತ್ತನೆಯ ಶತಮಾನದ ಕೊನೆಗೆ ಕನ್ನಡಕ್ಕೆ ಬಂತು. ಬಾಣಭಟ್ಟನ ‘ಕಾದಂಬರಿ’, ನಾಗವರ್ಮನ ‘ಕರ್ಣಾಟಕ ಕಾದಂಬರಿ’. ನಾನು ಈ ದಿನ ಹಿಡಿದಿರುವುದು ಅದನ್ನೇ.

ಬಾಣ ಹರ್ಷವರ್ಧನನ ಆಸ್ಥಾನದವನು. ಹರ್ಷನ ಮನೆತನದ ಊರು ಸ್ಥಾನೇಶ್ವರ, ಈಗಿನ ಹರಿಯಾಣದ ಥಾನೇಸರ್. ಅವನು ರಾಜಧಾನಿ ಮಾಡಿಕೊಂಡು ಆಳಿದ್ದು ಕನೌಜ್. ನಾವು ಕೂತಿರುವ ಈ ಯಮುನೆಯ ದಂಡೆ ಆ ಎರಡು ಊರುಗಳ ನಡುವೆ ಬರುತ್ತದೆ. ಹರ್ಷನನ್ನು ತಡೆದವನು ನಮ್ಮ ಇಮ್ಮಡಿ ಪುಲಕೇಶಿ, ಅದನ್ನು ಕೊಂಡಾಡುವ ಐಹೊಳೆ ಶಾಸನದ ಕಾಲ 634. ಸಭೆಯಲ್ಲಿ ಈ ಮಾತು ಬಂದರೆ ಕನ್ನಡಿಗರು ಚಪ್ಪಾಳೆ ತಟ್ಟುವುದು ರೂಢಿ, ತಟ್ಟಿ. ಆದರೆ ಹರ್ಷನ ಸೈನ್ಯ ದಾಟದ ಗಡಿಯನ್ನು ಅವನ ಕವಿಯ ಪುಸ್ತಕ ದಾಟಿತು. ಮುನ್ನೂರು ವರ್ಷಗಳ ಮೇಲೆ ಒಬ್ಬ ಕನ್ನಡ ಕವಿ ಅದನ್ನು ಬರಮಾಡಿಕೊಂಡ. ಸಂಸ್ಕೃತದ ಗದ್ಯವನ್ನು ನಾಗವರ್ಮ ಗದ್ಯಪದ್ಯ ಬೆರೆತ ಚಂಪುವಾಗಿಸಿದ. ಪುಟಗಟ್ಟಲೆ ಹರಿಯುವ ಬಾಣನ ವರ್ಣನೆಗಳಿಗೆ ಧೈರ್ಯವಾಗಿ ಕತ್ತರಿ ಹಾಕಿದ. ಅಪ್ಪನ ಭಾಗ, ಮಗನ ಭಾಗ ಎರಡನ್ನೂ ತೆಗೆದುಕೊಂಡ. ಕೈ ಹಾಕದೆ ಬಿಟ್ಟದ್ದು ಕಥೆ ಹೇಳುವ ಕ್ರಮವನ್ನು ಮಾತ್ರ. ವರ್ಣನೆ ಹೋದರೂ ಕೃತಿ ಉಳಿಯುತ್ತದೆ, ಕ್ರಮ ಹೋದರೆ ಉಳಿಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವನ ವಿಮರ್ಶನ ಬುದ್ಧಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ.

ಈಗ ಪುಸ್ತಕ ತೆರೆದರೆ ಏನು ಕಾಣುತ್ತದೆ, ಅದೇ ಕ್ರಮದಲ್ಲಿ ಹೇಳುತ್ತೇನೆ. ವೇತ್ರವತಿ ನದಿಯ ದಂಡೆಯ ವಿದಿಶೆಯಲ್ಲಿ ಶೂದ್ರಕನೆಂಬ ರಾಜ. ಒಂದು ಬೆಳಗ್ಗೆ ಅವನ ಸಭೆಗೆ ಚಂಡಾಲ ಕನ್ಯೆಯೊಬ್ಬಳು ಪಂಜರದ ಗಿಳಿಯೊಂದನ್ನು ತರುತ್ತಾಳೆ. ಗಿಳಿಯ ಹೆಸರು ವೈಶಂಪಾಯನ. ಅದು ಬಲಗಾಲನ್ನೆತ್ತಿ ರಾಜನನ್ನು ಹೊಗಳಿ ಶ್ಲೋಕ ಹೇಳುತ್ತದೆ. ಬೆರಗಾದ ರಾಜ, ನಿನ್ನ ಕಥೆಯೇನು ಎಂದು ಕೇಳುತ್ತಾನೆ. ಗಿಳಿ ಹೇಳುತ್ತದೆ: ವಿಂಧ್ಯದ ಕಾಡಿನಲ್ಲಿ, ಪಂಪಾ ಸರೋವರದ ಬಳಿಯ ಬೂರುಗದ ಮರದ ಪೊಟರೆಯಲ್ಲಿ ನಾನು ಹುಟ್ಟಿದೆ, ಹೆರುವಾಗಲೇ ತಾಯಿ ತೀರಿಕೊಂಡಳು, ಮುದಿ ತಂದೆ ಸಾಕಿದ, ಬೇಟೆಗೆ ಬಂದ ಶಬರರಲ್ಲಿ ಒಬ್ಬ ಮುದುಕ ಮರ ಹತ್ತಿ ಗಿಳಿಗಳ ಕತ್ತು ಮುರಿದು ಎಸೆದ, ತಂದೆಯ ರೆಕ್ಕೆಯ ಅಡಿಯಲ್ಲಿದ್ದ ನಾನು ತರಗೆಲೆಯ ಮೇಲೆ ಬಿದ್ದು ಉಳಿದೆ, ಹಾರೀತನೆಂಬ ಮುನಿಕುಮಾರ ಎತ್ತಿಕೊಂಡು ತನ್ನ ತಂದೆ ಜಾಬಾಲಿಯ ಆಶ್ರಮಕ್ಕೆ ತಂದ. ಜಾಬಾಲಿ ಮರಿಯನ್ನು ನೋಡಿ, ಇದು ತಾನು ಮಾಡಿದ್ದನ್ನೇ ಉಣ್ಣುತ್ತಿದೆ ಎಂದ. ಆಶ್ರಮದವರು ಬಿಡಲಿಲ್ಲ, ಅದೇನು ಹೇಳಿ ಎಂದರು.

ಅಂದು ರಾತ್ರಿ ಜಾಬಾಲಿ ಕಥೆ ಶುರು ಮಾಡುತ್ತಾನೆ. ಉಜ್ಜಯಿನಿ, ರಾಜ ತಾರಾಪೀಡ, ರಾಣಿ ವಿಲಾಸವತಿ, ಮಂತ್ರಿ ಶುಕನಾಸ. ಮಕ್ಕಳಿಲ್ಲದ ಕೊರಗು. ರಾಣಿಯ ಬಾಯೊಳಗೆ ಚಂದ್ರ ಇಳಿದಂತೆ ರಾಜನಿಗೆ ಕನಸು. ಮಂತ್ರಿಯ ಹೆಂಡತಿ ಮನೋರಮೆಯ ಮಡಿಲಲ್ಲಿ ಬಿಳಿ ತಾವರೆ ಇಟ್ಟಂತೆ ಮಂತ್ರಿಗೆ ಕನಸು. ರಾಜನಿಗೆ ಚಂದ್ರಾಪೀಡ ಹುಟ್ಟುತ್ತಾನೆ, ಮಂತ್ರಿಗೆ ವೈಶಂಪಾಯನ. ಹೌದು, ಗಿಳಿಯ ಹೆಸರೇ. ವಿದ್ಯೆ, ಯೌವರಾಜ್ಯ, ಇಂದ್ರಾಯುಧವೆಂಬ ಕುದುರೆ, ಪತ್ರಲೇಖೆ ಎಂಬ ಸಖಿ, ದಿಗ್ವಿಜಯ. ಕಿನ್ನರ ಜೋಡಿಯೊಂದನ್ನು ಅಟ್ಟಿಸಿಕೊಂಡು ಹೋದ ಚಂದ್ರಾಪೀಡ ಕೈಲಾಸದ ಬಳಿ ಅಚ್ಛೋದ ಸರೋವರವನ್ನು ಮುಟ್ಟುತ್ತಾನೆ. ಅಲ್ಲಿ ಶಿವನ ಗುಡಿಯಲ್ಲಿ ವೀಣೆ ನುಡಿಸುತ್ತಿದ್ದ ತಪಸ್ವಿನಿ ಮಹಾಶ್ವೇತೆ. ಈಗ ಅವಳ ಕಥೆ, ಅವಳ ಬಾಯಲ್ಲಿ: ಗಂಧರ್ವ ಕನ್ಯೆಯಾದ ತಾನು ಇದೇ ದಂಡೆಯಲ್ಲಿ ಪುಂಡರೀಕನೆಂಬ ಮುನಿಕುಮಾರನನ್ನು ಕಂಡದ್ದು, ಒಲಿದದ್ದು, ಬೆಳದಿಂಗಳ ಆ ರಾತ್ರಿ ತಾನು ಬರುವಷ್ಟರಲ್ಲಿ ಅವನು ಪ್ರಾಣ ಬಿಟ್ಟದ್ದು, ಆಕಾಶದಿಂದ ಇಳಿದ ತೇಜಸ್ವಿಯೊಬ್ಬ ಅವನ ದೇಹವನ್ನು ಎತ್ತಿಕೊಂಡು, ನೀವಿಬ್ಬರೂ ಮತ್ತೆ ಸೇರುತ್ತೀರಿ ಎಂದು ಹೇಳಿ ಹೋದದ್ದು, ಗೆಳೆಯ ಕಪಿಂಜಲ ಅವನ ಬೆನ್ನಟ್ಟಿ ಮೇಲೆ ಹಾರಿ ಮರಳದೇ ಹೋದದ್ದು. ಅವಳ ಗೆಳತಿ ಕಾದಂಬರಿ. ಮಹಾಶ್ವೇತೆಯ ದುಃಖ ತೀರುವವರೆಗೆ ತಾನು ಮದುವೆಯಾಗುವುದಿಲ್ಲವೆಂದು ಹಟ ತೊಟ್ಟವಳು. ಪುಸ್ತಕಕ್ಕೆ ಹೆಸರು ಕೊಟ್ಟ ನಾಯಕಿ ಕಾಣಿಸಿಕೊಳ್ಳುವ ಹೊತ್ತಿಗೆ ಓದುಗ ಬಹಳ ದೂರ ಬಂದಾಗಿರುತ್ತದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಪುಂಡರೀಕ ವಿರಹದಲ್ಲಿ ಬೇಯುತ್ತಿರುವ ಸಂಗತಿ ನಮಗೆ ಹೇಗೆ ತಿಳಿಯಿತು? ಕಪಿಂಜಲ ಅದನ್ನು ಮಹಾಶ್ವೇತೆಗೆ ಹೇಳಿದ. ಮಹಾಶ್ವೇತೆ ಚಂದ್ರಾಪೀಡನಿಗೆ ಹೇಳಿದಳು. ಅವಳು ಹೇಳಿದ್ದನ್ನು ಜಾಬಾಲಿ ಆಶ್ರಮದವರಿಗೆ ಹೇಳಿದ. ಜಾಬಾಲಿ ಹೇಳಿದ್ದನ್ನು ಗಿಳಿ ಶೂದ್ರಕನಿಗೆ ಹೇಳುತ್ತಿದೆ. ಗಿಳಿ ಹೇಳಿದ್ದನ್ನು ಬಾಣ ನಮಗೆ ಹೇಳುತ್ತಿದ್ದಾನೆ. ಐದು ಬಾಯಿ ದಾಟಿ ಬಂದ ಮಾತು ಅದು. ಮೊದಲ ಸಲ ಓದುವವರು ಎಲ್ಲಿದ್ದೇವೆಂದು ತಬ್ಬಿಬ್ಬಾಗುವುದು ಇಲ್ಲೇ. ತಾರೀಖು ಹುಡುಕಿದರೆ ಪ್ರಯೋಜನವಿಲ್ಲ. ಈ ಕ್ಷಣದಲ್ಲಿ ಹೇಳುತ್ತಿರುವವರು ಯಾರು, ಅವರಿಗೆ ಎಷ್ಟು ಗೊತ್ತು ಎಂದು ಕೇಳಿಕೊಂಡರೆ ದಾರಿ ಸಿಗುತ್ತದೆ. ಮಹಾಶ್ವೇತೆಗೆ ಪುಂಡರೀಕ ಎಲ್ಲಿ ಹೋದನೆಂದು ಗೊತ್ತಿಲ್ಲ, ಆದ್ದರಿಂದ ಅವಳ ಕಥೆ ಆಕಾಶದಲ್ಲಿ ನಿಂತುಹೋಗುತ್ತದೆ. ಜಾಬಾಲಿ ತ್ರಿಕಾಲಜ್ಞಾನಿ, ಅವನಿಗೆ ಎಲ್ಲ ಗೊತ್ತು. ಆದರೂ ಅವನು ಮುಂಚಿತವಾಗಿ ಬಾಯಿ ಬಿಡುವುದಿಲ್ಲ. ಏಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಕಥೆಗೆ ಮರಳೋಣ. ಚಂದ್ರಾಪೀಡ, ಕಾದಂಬರಿ ಪರಸ್ಪರ ಒಲಿದಿದ್ದಾರೆ. ತಂದೆಯ ಓಲೆ ಬಂದು ಅವನು ಉಜ್ಜಯಿನಿಗೆ ಮರಳಬೇಕಾಗುತ್ತದೆ. ಇಲ್ಲಿಂದ ಮುಂದಿನದು ಮಗ ಬರೆದ ಉತ್ತರಭಾಗ. ಹಿಂದೆ ಉಳಿದ ವೈಶಂಪಾಯನ ಅಚ್ಛೋದದ ದಂಡೆಗೆ ಬಂದವನೇ ಬೇರೆ ಮನುಷ್ಯನಾಗುತ್ತಾನೆ. ಕಳೆದುಕೊಂಡ ಏನನ್ನೋ ಹುಡುಕುವವನಂತೆ ಬಳ್ಳಿಮಾಡಗಳನ್ನು ನೋಡುತ್ತ ತಿರುಗುತ್ತಾನೆ, ಕರೆದರೂ ಬರುವುದಿಲ್ಲ. ಮಹಾಶ್ವೇತೆಯನ್ನು ಕಂಡು ಬೆನ್ನುಹತ್ತುತ್ತಾನೆ. ಅವಳು ಸಿಟ್ಟಿನಲ್ಲಿ ಗಿಳಿಯಾಗೆಂದು ಶಪಿಸುತ್ತಾಳೆ. ಅವನು ಸತ್ತು ಬೀಳುತ್ತಾನೆ. ಸುದ್ದಿ ತಿಳಿದ ಚಂದ್ರಾಪೀಡನ ಎದೆ ಒಡೆಯುತ್ತದೆ. ಪತ್ರಲೇಖೆ ಕುದುರೆಯನ್ನು ಎಳೆದುಕೊಂಡು ಸರೋವರಕ್ಕೆ ಹಾರುತ್ತಾಳೆ. ಕುದುರೆ ಮುಳುಗಿದ ಜಾಗದಲ್ಲಿ ಕಪಿಂಜಲ ಎದ್ದು ಬರುತ್ತಾನೆ. ಆಗ ಎಲ್ಲ ಬಯಲು.

ಬಯಲಾದ ಮೇಲೆ ಇದನ್ನು ನೇರ ಮಾಡಿ ಹೇಳಿನೋಡೋಣ. ಮೊದಲಿಗೆ ಪುಂಡರೀಕ. ಸಾಯುವಾಗ ಅವನು ತನ್ನನ್ನು ಸುಟ್ಟ ಚಂದ್ರನಿಗೆ, ನೀನೂ ಜನ್ಮಜನ್ಮದಲ್ಲಿ ಒಲಿದು ನೋಯಿ ಎಂದು ಶಾಪ ಕೊಟ್ಟ. ತಪ್ಪಿಲ್ಲದ ನನ್ನನ್ನು ಶಪಿಸಿದೆ, ನನ್ನ ಸುಖದುಃಖದಲ್ಲಿ ನೀನೂ ಪಾಲುಗಾರನಾಗು ಎಂದು ಚಂದ್ರ ಪ್ರತಿಶಾಪ ಕೊಟ್ಟ. ಆಮೇಲೆ, ಮಹಾಶ್ವೇತೆ ತನ್ನ ಕಿರಣದಿಂದ ಹುಟ್ಟಿದ ಕುಲದವಳೆಂದು ನೆನಪಾಗಿ, ಪುಂಡರೀಕನ ದೇಹ ಕೆಡದಂತೆ ಎತ್ತಿಕೊಂಡು ಹೋದ. ಅಳುತ್ತ ಬೆನ್ನಟ್ಟಿದ ಕಪಿಂಜಲ ದಾರಿಯಲ್ಲಿ ದೇವತೆಯೊಬ್ಬನನ್ನು ದಾಟಿ ಹಾರಿದ್ದಕ್ಕೆ ಕುದುರೆಯಾಗೆಂದು ಶಾಪ ಪಡೆದು ಸಮುದ್ರಕ್ಕೆ ಬಿದ್ದ. ಚಂದ್ರ ಉಜ್ಜಯಿನಿಯಲ್ಲಿ ಚಂದ್ರಾಪೀಡನಾಗಿ ಹುಟ್ಟಿದ, ಪುಂಡರೀಕ ವೈಶಂಪಾಯನನಾಗಿ. ಪತ್ರಲೇಖೆ ಚಂದ್ರನ ಹೆಂಡತಿ ರೋಹಿಣಿ. ಇಬ್ಬರೂ ಸತ್ತ ಮೇಲೆ ಚಂದ್ರ ಶೂದ್ರಕನಾದ, ವೈಶಂಪಾಯನ ಗಿಳಿಯಾದ. ಗಿಳಿಯನ್ನು ತಂದ ಚಂಡಾಲ ಕನ್ಯೆ ಪುಂಡರೀಕನ ತಾಯಿ ಲಕ್ಷ್ಮಿ. ಸಭೆಯಲ್ಲಿ ಕಥೆ ಮುಗಿಯುತ್ತಲೇ ಶೂದ್ರಕ, ಗಿಳಿ ಇಬ್ಬರೂ ದೇಹ ಬಿಡುತ್ತಾರೆ; ಅತ್ತ ಕಾದಂಬರಿಯ ಕೈಯಲ್ಲಿ ಚಂದ್ರಾಪೀಡ ಕಣ್ಣು ಬಿಡುತ್ತಾನೆ, ಪುಂಡರೀಕ ಆಕಾಶದಿಂದ ಇಳಿಯುತ್ತಾನೆ.

ಅಂದರೆ ಪುಸ್ತಕದ ಮೊದಲ ಪುಟವೇ ಕಥೆಯ ಹೆಚ್ಚುಕಡಿಮೆ ಕೊನೆಯ ದಿನ. ನೇರವಾಗಿ ಹೇಳಿದ್ದು ಸಲೀಸಾಗಿ ಅರ್ಥವಾಯಿತು ನಿಜ. ಅರ್ಥವಾದದ್ದು ಶಾಪಗಳ ಒಂದು ಕಡತ ಮಾತ್ರ. ಮಹಾಶ್ವೇತೆ ತಾನು ಯಾರಿಗಾಗಿ ಕಾಯುತ್ತಿದ್ದಾಳೋ ಅವನನ್ನೇ ಗಿಳಿಯಾಗೆಂದು ಶಪಿಸುವ ಘಳಿಗೆ ನೇರಕಥೆಯಲ್ಲಿ ವಿಧಿಯ ಒಂದು ಕುಚೋದ್ಯವಾಗಿ ಕಾಣುತ್ತದೆ. ಬಾಣನ ಕ್ರಮದಲ್ಲಿ ನಾವೂ ಅವಳ ಪಕ್ಷ ವಹಿಸಿ, ಆ ಹುಚ್ಚನಿಗೆ ಆಗಬೇಕಾದ್ದೇ ಆಯಿತು ಎಂದುಕೊಳ್ಳುತ್ತೇವೆ. ಸತ್ಯ ತಿಳಿದಾಗ ಅವಳಿಗಾದ ಆಘಾತದಲ್ಲಿ ನಮ್ಮದೂ ಪಾಲಿದೆ. ವೈಶಂಪಾಯನ ಗಿಳಿಯಾಗುತ್ತಾನೆಂಬುದನ್ನು ಬಾಣ ಹೆಸರಿನಲ್ಲೇ ಬಿಟ್ಟುಕೊಟ್ಟಿದ್ದಾನೆ, ಅದನ್ನು ಮುಚ್ಚುವ ಗೋಜಿಗೆ ಹೋಗಿಲ್ಲ. ಮುಚ್ಚಿದ್ದು ವೈಶಂಪಾಯನನೇ ಪುಂಡರೀಕನೆಂಬುದನ್ನು. ಒಂದು ಗುಟ್ಟನ್ನು ಕೈಗೆ ಕೊಟ್ಟು ಅದರ ಹಿಂದೆ ಇನ್ನೊಂದನ್ನು ಬಚ್ಚಿಡುವ ಈ ಜಾಣತನಕ್ಕೆ ನಾನು ಸೋತವನು.

ಕಾಲಕ್ರಮದ ಪಟ್ಟಿ ಹಾಕುವವರಿಗೆ ಬಾಣ ಲೆಕ್ಕಗಳನ್ನೂ ಕೊಟ್ಟಿದ್ದಾನೆ, ಚದುರಿಸಿ. ಚಂದ್ರಾಪೀಡ ವಿದ್ಯಾಮಂದಿರಕ್ಕೆ ಹೋದದ್ದು ಆರನೆಯ ವಯಸ್ಸಿನಲ್ಲಿ, ಅಲ್ಲಿದ್ದದ್ದು ಹತ್ತು ವರ್ಷ, ಹೊರಬಂದದ್ದು ಹದಿನಾರಕ್ಕೆ. ದಿಗ್ವಿಜಯಕ್ಕೆ ಮೂರು ವರ್ಷ. ಹಾಗಾದರೆ ಅವನು ಮಹಾಶ್ವೇತೆಯನ್ನು ಕಾಣುವಾಗ ಕನಿಷ್ಠ ಹತ್ತೊಂಬತ್ತರವನು. ಪುಂಡರೀಕ ಸತ್ತದ್ದು ಚಂದ್ರಾಪೀಡ ಹುಟ್ಟುವ ಮೊದಲು. ಮಹಾಶ್ವೇತೆಯ ಬಗ್ಗೆ ಬಾಣ ಹೇಳುವುದನ್ನು ಗಮನಿಸಿ: ದಿವ್ಯಸ್ತ್ರೀಯಾದ್ದರಿಂದ ಅವಳ ವಯಸ್ಸು ಗೊತ್ತಾಗುವಂತಿಲ್ಲ, ನೋಡಿದರೆ ಹದಿನೆಂಟರ ಆಸುಪಾಸಿನವಳು. ಓದುಗ ಅದನ್ನು ಸೌಂದರ್ಯವರ್ಣನೆ ಎಂದುಕೊಂಡು ಮುಂದೆ ಹೋಗುತ್ತಾನೆ. ಲೆಕ್ಕ ಹಾಕಿದವನಿಗೆ ಮೈ ಜುಮ್ಮೆನ್ನುತ್ತದೆ. ಕಾಣುವ ವಯಸ್ಸಿಗಿಂತ ಅವಳ ಕಾಯುವಿಕೆಯೇ ಹಳೆಯದು! ಎದುರಿಗೆ ಕೂತು ಕಥೆ ಕೇಳುತ್ತಿರುವ ಹುಡುಗ ಆ ರಾತ್ರಿಯ ಪರಿಣಾಮವಾಗಿ ಹುಟ್ಟಿದವನು. ಅವಳಿಗೂ ಅದು ತಿಳಿಯದು, ಅವನಿಗೂ ತಿಳಿಯದು.

ಇನ್ನೊಂದು ಗಂಟಿದೆ. ವೈಶಂಪಾಯನ ಸತ್ತು ಹೆಚ್ಚು ಕಾಲ ಕಳೆಯುವ ಮೊದಲೇ ಚಂದ್ರಾಪೀಡನೂ ಸತ್ತ. ಮರುಹುಟ್ಟಿನಲ್ಲಿ ಒಬ್ಬ ಭೂಮಂಡಲ ಆಳುವ ತರುಣ ರಾಜ. ಇನ್ನೊಬ್ಬ ಈಚೆಗೆ ರೆಕ್ಕೆ ಬಲಿತ ಗಿಳಿ. ಇಬ್ಬರೂ ಕೂಡಲೇ ಹುಟ್ಟಿದ್ದರೆ ಶೂದ್ರಕ ಇನ್ನೂ ಅಂಬೆಗಾಲಿಡುವ ಕೂಸಾಗಿರಬೇಕಿತ್ತು. ಆದ್ದರಿಂದ ಗಿಳಿಯ ಹುಟ್ಟು ಸುಮಾರು ಇಪ್ಪತ್ತು ವರ್ಷ ತಡವಾಯಿತೆಂದು ಇಟ್ಟುಕೊಳ್ಳಬೇಕು. ಹಾಗೆ ಇಟ್ಟುಕೊಂಡರೆ, ಚಂದ್ರಾಪೀಡನ ದೇಹದ ಮುಂದೆ ಕಾದಂಬರಿ ಕೂತದ್ದೂ ಅಷ್ಟೇ ವರ್ಷ. ಗೆಳತಿ ಕಾದಷ್ಟು ಕಾಲವನ್ನು ಇವಳೂ ಕಾದಳು. ಇದನ್ನು ಕವಿಯ ಎಡವಟ್ಟೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಲೆಕ್ಕದ ಬಿರುಕಿನೊಳಗೆ ಇಣುಕಿದರೆ ಕೆಲವೊಮ್ಮೆ ಹೀಗೆ ಒಂದು ಇಡೀ ಬಾಳು ಕಾಣುತ್ತದೆ.

ಬಾಣ ಮುಗಿಸದೆ ಸತ್ತನಲ್ಲ, ಈ ಅಂತ್ಯ ಅವನದೇ ಎಂದು ಹೇಗೆ ನಂಬುವುದು ಎಂದು ಕೇಳಬಹುದು. ಪೂರ್ವಭಾಗ ನಿಜಕ್ಕೂ ಪತ್ರಲೇಖೆಯ ಮಾತಿನ ನಡುವೆ ತುಂಡಾಗಿ ನಿಲ್ಲುತ್ತದೆ. ಮಗ, ಭೂಷಣಭಟ್ಟನೆಂದೋ ಪುಲಿಂದನೆಂದೋ ಕರೆಯುವವನು, ಅಲ್ಲಿಂದ ಎತ್ತಿಕೊಂಡ. ತಂದೆ ಬಿತ್ತಿದ್ದನ್ನು ತಾನು ಕೂಡಿಸುತ್ತಿದ್ದೇನಷ್ಟೆ ಎಂಬರ್ಥದ ಮಾತನ್ನೂ ಹೇಳಿಕೊಂಡ. ಅದು ಬರೀ ವಿನಯವಲ್ಲ. ಬಿತ್ತಿದ ಜಾಗಗಳನ್ನು ತೋರಿಸಬಹುದು. ಶೂದ್ರಕ ಹರೆಯದವನಾದರೂ ಹೆಂಗಸರಲ್ಲಿ ಆಸಕ್ತಿಯಿಲ್ಲದೆ ಗೆಳೆಯರೊಡನೆ ಕಾಲ ಕಳೆಯುತ್ತಾನೆ ಎಂದು ಮೊದಲಲ್ಲೇ ಬರುತ್ತದೆ. ಮೊದಲ ಓದಿಗೆ ಅದು ರಾಜನ ಸಂಯಮ. ಎರಡನೆಯ ಓದಿಗೆ, ಮನಸ್ಸನ್ನು ಹಿಂದಿನ ಜನ್ಮದಲ್ಲಿ ಬಿಟ್ಟುಬಂದವನ ಗೈರುಹಾಜರಿ. ಇಂದ್ರಾಯುಧ ಪಾರಸೀಕ ರಾಜ ಕಳಿಸಿದ್ದು, ಸಮುದ್ರದಿಂದ ಎದ್ದು ಬಂದದ್ದು ಎನ್ನುತ್ತಾರೆ. ಸಮುದ್ರಕ್ಕೆ ಬಿದ್ದದ್ದು ಯಾರು ಎಂಬುದು ಈಗ ನಿಮಗೆ ಗೊತ್ತು. ಆ ಕುದುರೆಯನ್ನು ಹತ್ತುವ ಮೊದಲು ಚಂದ್ರಾಪೀಡ ಅದನ್ನು ನೋಡಿ ಅನುಮಾನಗೊಂಡು, ನೀವು ಯಾರೇ ಮಹಾತ್ಮರಿರಲಿ, ಮೇಲೆ ಹತ್ತುವ ತಪ್ಪನ್ನು ಕ್ಷಮಿಸಬೇಕೆಂದು ಮನಸ್ಸಿನಲ್ಲೇ ಕೈಮುಗಿಯುತ್ತಾನೆ. ಎರಡು ಕನಸುಗಳಂತೂ ಉತ್ತರವನ್ನೇ ಹೇಳಿಬಿಡುತ್ತವೆ: ಒಂದು ಚಂದ್ರ, ಇನ್ನೊಂದು ಪುಂಡರೀಕ, ಅಂದರೆ ಬಿಳಿ ತಾವರೆ. ಇಷ್ಟೆಲ್ಲ ಪೂರ್ವಭಾಗದಲ್ಲಿದೆ. ಕೊನೆ ಗೊತ್ತಿಲ್ಲದವನು ಹೀಗೆ ಬರೆಯಲಾರ.

ಈಗ ಬಾಕಿ ಉಳಿಸಿದ ಪ್ರಶ್ನೆ. ಎಲ್ಲ ಬಲ್ಲ ಜಾಬಾಲಿ ಏಕೆ ನೇರವಾಗಿ ಹೇಳಲಿಲ್ಲ? ಅವನ ಮುಂದೆ ಕೂತು ಕೇಳುತ್ತಿದ್ದವರಲ್ಲಿ ಆ ಗಿಳಿಮರಿಯೂ ಇದೆ. ಅದಕ್ಕೆ ತಾನು ಯಾರೆಂದು ಗೊತ್ತಿಲ್ಲ. ಕಥೆ ಕೇಳುತ್ತ ಕೇಳುತ್ತ ಅದಕ್ಕೆ ಹಿಂದಿನ ಜನ್ಮದ ನೆನಪು ಬರುತ್ತದೆ, ಕಲಿತ ವಿದ್ಯೆ ಮರಳುತ್ತದೆ, ಮಹಾಶ್ವೇತೆಯ ಮೇಲಿನ ಹಂಬಲವೂ. ನೀನು ಪುಂಡರೀಕ ಎಂದು ಮೊದಲ ವಾಕ್ಯದಲ್ಲೇ ಹೇಳಿದ್ದರೆ ಅದು ಸುದ್ದಿಯಾಗುತ್ತಿತ್ತು, ನೆನಪಾಗುತ್ತಿರಲಿಲ್ಲ. 

ಆಮೇಲೆ ಅದೇ ಗಿಳಿ ಅದೇ ಕಥೆಯನ್ನು ಶೂದ್ರಕನಿಗೆ ಹೇಳುತ್ತದೆ. ಅವನೂ ಕಥೆಯ ನಾಯಕನೇ, ಅವನಿಗೂ ಅದು ಗೊತ್ತಿಲ್ಲ. ಹಾಗಾಗಿ ನನ್ನ ವಾದ ಇದು: ನಮ್ಮ ಹಳೆಯ ಕಥೆಗಳು ಹಿಂದುಮುಂದಾಗಿರುವುದು ಬರೀ ಚಮತ್ಕಾರಕ್ಕಲ್ಲ. ಕೇಳುವವನು ಕಥೆಯೊಳಗಿನವನಾಗಿರುತ್ತಾನೆ. ತನ್ನನ್ನು ತಾನು ಗುರುತಿಸಿಕೊಳ್ಳಲು ಅವನಿಗೆ ಬೇಕಾದ ಕ್ರಮವೇ ಕಥೆಯ ಕ್ರಮ.

ಇದನ್ನು ಪರೀಕ್ಷಿಸಲು ದೂರ ಹೋಗಬೇಕಿಲ್ಲ. ಗ್ರೇಟರ್ ನೋಯ್ಡಾ ವೆಸ್ಟ್‌ನ ಅಪಾರ್ಟ್‌ಮೆಂಟುಗಳ ನಡುವೆ ಬಿಸ್ರಖ್ ಎಂಬ ಹಳ್ಳಿ ಇದೆ. ರಾವಣನ ತಂದೆ ವಿಶ್ರವಸ್ ಇದ್ದ ಊರು, ರಾವಣ ಹುಟ್ಟಿದ ಊರು ಎಂದು ಅಲ್ಲಿಯವರ ನಂಬಿಕೆ. ದಸರೆಗೆ ಸುತ್ತಲಿನ ಊರುಗಳಲ್ಲಿ ರಾವಣನ ಪ್ರತಿಮೆ ಸುಟ್ಟರೂ ಅಲ್ಲಿ ಸುಡುವ ಪದ್ಧತಿ ಇಲ್ಲ. ರಾವಣನ ಹುಟ್ಟು ಕಾಲದಲ್ಲಿ ರಾಮನ ಹುಟ್ಟಿಗಿಂತ ಎಷ್ಟೋ ಹಿಂದಿನದು. ವಾಲ್ಮೀಕಿ ಅದನ್ನು ಹೇಳಿಸುವುದು ಯುದ್ಧ ಮುಗಿದು ಪಟ್ಟಾಭಿಷೇಕವೂ ಆದ ಮೇಲೆ, ಉತ್ತರಕಾಂಡದಲ್ಲಿ, ಅಗಸ್ತ್ಯನ ಬಾಯಲ್ಲಿ. ಕೇಳುವವನು ರಾಮ. ಕೊಂದ ಮೇಲೆ ಅವನಿಗೆ ಕೊಂದದ್ದು ಯಾರನ್ನು ಎಂಬುದರ ಪೂರ್ತಿ ವಿವರ ಸಿಗುತ್ತದೆ. ಬಾಲಕಾಂಡದ ಆರಂಭದಲ್ಲಿ ಕುಶಲವರು ರಾಮನೆದುರು ರಾಮಾಯಣ ಹಾಡುತ್ತಾರೆ, ಅವರ ಹುಟ್ಟಿನ ಕಥೆ ಬರುವುದು ಮತ್ತೆ ಉತ್ತರಕಾಂಡದಲ್ಲಿ. ಇಲ್ಲಿಯೂ ಕೇಳುವವನು ರಾಮ, ಹಾಡುತ್ತಿರುವವರು ತನ್ನ ಮಕ್ಕಳೆಂದು ಅವನಿಗೆ ತಿಳಿಯದು. ಮೀರತ್ತಿನ ಆಚೆಗಿನ ಹಸ್ತಿನಾಪುರಕ್ಕೆ ಹೋದರೆ ಮಹಾಭಾರತ; ಅದನ್ನು ಕೇಳಿದವನು ಪಾಂಡವರ ಮರಿಮೊಮ್ಮಗ ಜನಮೇಜಯ, ಹೇಳಿದವನು ವೈಶಂಪಾಯನನೆಂಬ ಋಷಿ. ಬಾಣ ತನ್ನ ಗಿಳಿಗೆ ಸುಮ್ಮನೆ ಆ ಹೆಸರು ಇಟ್ಟಿರಲಾರ. ಗ್ರೀಕರ ಒಡಿಸ್ಯೂಸ್ ಕೂಡ ಪರರಾಜನ ಸಭೆಯಲ್ಲಿ ಗಾಯಕನೊಬ್ಬ ಟ್ರಾಯ್ ಯುದ್ಧ ಹಾಡುವುದನ್ನು ಕೇಳಿ ಅಳುತ್ತಾನೆ, ಆಮೇಲೆ ತನ್ನ ಹಿಂದಿನ ಅಲೆದಾಟವನ್ನು ತಾನೇ ಹೇಳುತ್ತಾನೆ.

ಕನ್ನಡದ ಜೈನ ಕವಿಗಳಿಗೆ ಇದು ಮನೆಯ ವಿದ್ಯೆ. 941ರ ಪಂಪನ ‘ಆದಿಪುರಾಣ’ದಲ್ಲಿ ಶ್ರೀಮತಿಗೆ ಹಿಂದಿನ ಜನ್ಮದ ಇನಿಯ ಲಲಿತಾಂಗನ ನೆನಪಾಗಿ, ಅದನ್ನು ಚಿತ್ರಪಟದಲ್ಲಿ ಬರೆಯುತ್ತಾಳೆ, ದಾದಿ ಪಂಡಿತೆ ಆ ಪಟವನ್ನು ಜಿನಾಲಯದಲ್ಲಿ ತೆರೆದು ಕೂರುತ್ತಾಳೆ. ನೋಡಿದವರಲ್ಲಿ ಒಬ್ಬ ಮೂರ್ಛೆ ಹೋಗುತ್ತಾನೆ, ಅವನೇ ವಜ್ರಜಂಘ. ಜನ್ನನ ‘ಯಶೋಧರ ಚರಿತೆ’, 1209ರದು, ಇನ್ನೂ ಮುಂದೆ ಹೋಗುತ್ತದೆ. ಮಾರಿಗುಡಿಯಲ್ಲಿ ಬಲಿಗೆ ತಂದು ನಿಲ್ಲಿಸಿದ ಅಣ್ಣತಂಗಿ, ಎದುರಿಗೆ ಕತ್ತಿ ಹಿಡಿದ ಮಾರಿದತ್ತ. ಹುಡುಗ ಅಭಯರುಚಿ ತಮ್ಮ ಹಿಂದಿನ ಜನ್ಮಗಳನ್ನು ಹೇಳತೊಡಗುತ್ತಾನೆ: ತಾನು ಯಶೋಧರ ರಾಜನಾಗಿದ್ದೆ, ತಂಗಿ ತನ್ನ ತಾಯಿ ಚಂದ್ರಮತಿಯಾಗಿದ್ದಳು, ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಸಂಕಲ್ಪಕ್ಕೆ ನವಿಲು, ನಾಯಿ, ಹಾವು, ಮೀನು, ಆಡು, ಕೋಳಿ ಎಂದು ಹುಟ್ಟಿ ಹುಟ್ಟಿ ಸತ್ತೆವು, ಕೊನೆಗೆ ನನ್ನ ಮಗನಿಗೇ ಮಕ್ಕಳಾಗಿ ಹುಟ್ಟಿದೆವು. ಅಪ್ಪ ಮಗನಾಗುವ, ತಾಯಿ ತಂಗಿಯಾಗುವ ಈ ವಂಶವೃಕ್ಷವನ್ನು ಯಾವ ಪಟ್ಟಿಯೂ ನೆಟ್ಟಗೆ ನಿಲ್ಲಿಸಲಾರದು. ಜನ್ನ ಇದನ್ನು ಮೊದಲಿನಿಂದ ಹೇಳಬಹುದಿತ್ತು. ಹೇಳಿದ್ದರೆ ಕತ್ತಿ ಎತ್ತಿದ ಕೈ ಕೊನೆಗೆ ಬರುತ್ತಿತ್ತು, ಅಷ್ಟು ಹೊತ್ತು ಯಾರಿಗಾಗಿ ಹೇಳುತ್ತಿದ್ದೇವೆಂಬುದೇ ಇರುತ್ತಿರಲಿಲ್ಲ. ಬಾಣನ ಕಟ್ಟಡ ಹೆಚ್ಚು ಸೊಗಸಾದದ್ದು, ಒಪ್ಪುತ್ತೇನೆ. ಕಾಲವನ್ನು ತಿರುಚುವ ಅಗತ್ಯ ಹೆಚ್ಚಾಗಿ ಇದ್ದದ್ದು ಜನ್ನನಿಗೆ. ಅವನ ಕಥೆ ಹೇಳುವವನಿಗೆ ಕೇಳುವವನ ಮನಸ್ಸು ತಿರುಗಿಸದೆ ಬದುಕಿಲ್ಲ.

ಮತ್ತೆ ಜೆಮಿಸಿನ್‌ಗೆ ಬರೋಣ. ಎಸುನ್‌ಳ ಅಧ್ಯಾಯಗಳಲ್ಲಿ ಅವಳನ್ನು ‘ನೀನು’ ಎಂದು ಕರೆಯಲಾಗಿದೆ. ನೀನು ಎದ್ದೆ, ನೀನು ನಡೆದೆ, ಹೀಗೆ. ಓದುಗರಿಗೆ ಅದು ಶೈಲಿಯ ಹುಚ್ಚಾಟದಂತೆ ಕಾಣುತ್ತದೆ. ಮೂರನೆಯ ಪುಸ್ತಕದ ಕೊನೆಗೆ ಕಾರಣ ತಿಳಿಯುತ್ತದೆ. ಎಸುನ್ ಸತ್ತು, ಬೇರೆ ದೇಹದಲ್ಲಿ, ಕಲ್ಲಿನ ಜೀವಿಯಾಗಿ ಮರುಹುಟ್ಟು ಪಡೆದಿದ್ದಾಳೆ. ಅವಳಿಗೆ ತಾನು ಯಾರಾಗಿದ್ದೆನೆಂದು ನೆನಪಾಗಲಿ ಎಂದು ಹೋವಾ ಎಂಬವನು ಅವಳದೇ ಕಥೆಯನ್ನು ಅವಳಿಗೆ ಹೇಳುತ್ತ ಬಂದಿದ್ದಾನೆ. ಜಾಬಾಲಿ ಮತ್ತು ಗಿಳಿಮರಿ! ಅವರು ಬಾಣನನ್ನು ಓದಿದ್ದರೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಿ ಹೆಮ್ಮೆಪಡುವ ಚಟ ನಮ್ಮಲ್ಲಿ ಈಗಾಗಲೇ ಸಾಕಷ್ಟಿದೆ. ಎರಡು ದೂರದ ಕಾಲಗಳಲ್ಲಿ ಇಬ್ಬರು ಬರಹಗಾರರು ಒಂದೇ ಜಾಗಕ್ಕೆ ಬಂದು ನಿಂತರು, ಅಷ್ಟೆ. ಕಾರಣವೂ ಒಂದೇ: ಮರೆತವರಿಗೆ ಅವರ ಕಥೆಯನ್ನು ಹೇಳಬೇಕಾದರೆ ನೇರ ದಾರಿ ಕೆಲಸಕ್ಕೆ ಬರುವುದಿಲ್ಲ.

ಆದ್ದರಿಂದ ಕಿರಿಯ ಗೆಳೆಯರಿಗೆ ನನ್ನ ಸಲಹೆ. ಇಂಥ ಪುಸ್ತಕಗಳನ್ನು ಓದುವಾಗ ಇಸವಿಯ ಪಟ್ಟಿಯನ್ನು ಮೊದಲೇ ಹುಡುಕಿ ಪಕ್ಕಕ್ಕೆ ಇಟ್ಟುಕೊಳ್ಳಬೇಡಿ. ಹೇಳುತ್ತಿರುವವರು ಯಾರು, ಕೇಳುತ್ತಿರುವವರು ಯಾರು, ಇವೆರಡನ್ನು ಪ್ರತಿ ಅಧ್ಯಾಯದ ಅಂಚಿನಲ್ಲಿ ಬರೆದುಕೊಳ್ಳಿ. ಮುಗಿದ ಮೇಲೆ ಪಟ್ಟಿ ಹಾಕಿ, ಅದರಲ್ಲಿ ಕೂಡದ ಲೆಕ್ಕಗಳನ್ನು ಗುರುತು ಮಾಡಿ. ಆಮೇಲೆ ಮೊದಲ ಹತ್ತು ಪುಟಗಳನ್ನು ಇನ್ನೊಮ್ಮೆ ಓದಿ, ಇದನ್ನು ಮಾತ್ರ ತಪ್ಪಿಸಬೇಡಿ.

ಹಿರಿಯರಲ್ಲಿ ಒಂದು ಮನವಿ. ಈ ಊರಿನಲ್ಲಿ ಕನ್ನಡಿಗರು ಹಬ್ಬಕ್ಕೆ ಸೇರುತ್ತೀರಿ, ಊಟಕ್ಕೆ ಸೇರುತ್ತೀರಿ, ಸಂತೋಷ. ತಿಂಗಳಿಗೆ ಒಂದು ಭಾನುವಾರ ಎರಡು ಗಂಟೆ ‘ಕರ್ಣಾಟಕ ಕಾದಂಬರಿ’ಯನ್ನು ಗಟ್ಟಿಯಾಗಿ ಓದಲು ಸೇರಿ. ಹಳಗನ್ನಡ ಎಂದು ಅಂಜಬೇಕಿಲ್ಲ. ಬಾಣನ ಮೂಲವನ್ನು ಬನ್ನಂಜೆ ಗೋವಿಂದಾಚಾರ್ಯರು ಹೊಸಗನ್ನಡಕ್ಕೆ ತಂದಿದ್ದಾರೆ, ಅದನ್ನು ಪಕ್ಕದಲ್ಲಿ ಇಟ್ಟುಕೊಂಡರೆ ತೊಡಕು ಬಿಡಿಸಿಕೊಳ್ಳಬಹುದು. ಓದಲು ಬರುವವರು ಓದಲಿ, ಉಳಿದವರು ಕೇಳಲಿ. ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ಹಿಂದಿ, ಇಂಗ್ಲಿಷ್ ಕಲಿತ ಮಕ್ಕಳನ್ನೂ ಕರೆತನ್ನಿ. ಯಾರು ಯಾರಿಗೆ ಹೇಳಿದರು ಎಂಬ ಪಟ್ಟಿ ಬರೆಯುವ ಕೆಲಸವನ್ನು ಅವರಿಗೇ ಕೊಡಿ. ಮೊದಲ ಭಾನುವಾರಕ್ಕೆ ಶೂದ್ರಕನ ಸಭೆ ಮುಗಿಸಿ ಗಿಳಿ ಬಾಯಿ ತೆರೆಯುವವರೆಗೆ ಓದಿದರೆ ಸಾಕು.